ಕಾರ್ಡಿನ ಬಲಮೂಲೆ

ಗ್ರಂಥಾಲಯದ ಗುಮಾಸ್ತ ಬಾಯಿಬಡುಕ. ಗೋಡೆಯ ಮೇಲಿನ 'ಮೌನವಾಗಿರಿ' ಫಲಕಕ್ಕೇ ಅವನ ಬಾಯಿ ಮುಚ್ಚಿಸಲು ಆಗಿರಲಿಲ್ಲ, ಇನ್ನು ಮನುಷ್ಯರ ಪಾಡೇನು. ಮೈಮೇಲೆ ಸದಾ ಹಳೆಯ ಕಾಗದದ ಪುಡಿ ಹೊತ್ತು ಓಡಾಡುತ್ತಿದ್ದರಿಂದ ಕಾಲೇಜಿಗೆಲ್ಲ ಅವನು ಧೂಳಪ್ಪ. ಆ ಮಂಗಳವಾರ ಬೆಳಗ್ಗೆ ಮೆಟ್ಟಿಲ ಹತ್ತಿರ ಮೂಲ ಮೇಡಂ ಸಿಕ್ಕಿದ್ದೇ ತಡ, ಶುರು ಹಚ್ಚಿಕೊಂಡ.

"ಮೇಡಂ, ಒಂದು ಒಳ್ಳೆ ಸುದ್ದಿ. ಆಸ್ಪತ್ರೆ ಉಗ್ರಾಣದಲ್ಲಿ ಹಳೇ ಕಾಗದದ ಕಟ್ಟುಗಳು ಕೊಳೀತಾ ಬಿದ್ದಿದ್ವಲ್ಲ, ಎಲ್ಲಾ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರ್ಸಿದ್ವಿ. ನಾನೂರು ಕಟ್ಟು! ಹಳೇದನ್ನ ಉಳಿಸ್ಬೇಕು ಅಂತ ನೀವು ಯಾವಾಗ್ಲೂ ಹೇಳ್ತಿದ್ರಲ್ಲ. ದೊಡ್ಡ ಸಿಸ್ಟರ್ ಅಂತ ಇದ್ರಂತೆ, ಬಟ್ಟೆ ಒಗೆಯೋರ ಬಗ್ಗೆ ಅವ್ರು ಬರೆದಿದ್ದ ವರದೀನೂ ಸಿಕ್ತು. ಇನ್ಮೇಲೆ ಹುಡುಗ್ರ ಪ್ರಬಂಧ ತಾಳೆ ನೋಡೋ ಯಂತ್ರಕ್ಕೂ ಅದೆಲ್ಲ ಕಾಣತ್ತೆ."

"ಒಳ್ಳೇದಾಯ್ತು" ಅಂದರು ಮೇಡಂ. ಅಂದು, ಮೆಟ್ಟಿಲ ಕಂಬಿ ಹಿಡಿದುಕೊಂಡರು. ಧೂಳಪ್ಪ ಇನ್ನೂ ಏನೇನೋ ಹೇಳುತ್ತಲೇ ಇದ್ದ, ಒಂದೂ ಕಿವಿಗೆ ಬೀಳಲಿಲ್ಲ.

ಈ ಮೇಡಂ ಯಾರೆಂದು ಮೊದಲು ಹೇಳಿಬಿಡಬೇಕು. ಸಮುದಾಯ ಆರೋಗ್ಯ ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ಪಾಠ ಹೇಳುವವರು. ಯಾರು ಏನು ಬರೆದು ತಂದರೂ ಅವರ ಬಾಯಿಂದ ಮೊದಲು ಬರುವ ಮಾತು, "ಮೂಲ ಎಲ್ಲಿ?" ಅದಕ್ಕೇ ಅವರು ಮೂಲ ಮೇಡಂ. ಆ ಹೆಸರಿಗೆ ಕಾಯಿಲೆಯ ಅರ್ಥ ಹಚ್ಚಿ ಹಿಂದಿನ ಬೆಂಚಿನಲ್ಲಿ ಕಿಸಕ್ಕೆನ್ನುವ ತರಲೆಗಳೂ ಇದ್ದರು, ಇರಲಿ. ಅವರ ವಿಭಾಗದಲ್ಲೊಂದು ಕಟ್ಟಳೆ. ಟಿಪ್ಪಣಿ ಬರೆಯುವುದು ರಟ್ಟಿನ ಕಾರ್ಡಿನ ಮೇಲೆ. ಒಂದೇ ಒಂದು ಪದ ಇಳಿಸುವ ಮೊದಲು ಮೇಲ್ಗಡೆ ಬಲಮೂಲೆಯಲ್ಲಿ ಬರೆದವರ ಹೆಸರು, ಪುಸ್ತಕ, ಪುಟ. ಕಾರ್ಡಿಗೊಂದು ಸಂಖ್ಯೆ. ಪ್ರಬಂಧದ ಜೊತೆ ಕಾರ್ಡಿನ ಪೆಟ್ಟಿಗೆಯನ್ನೂ ಒಪ್ಪಿಸಬೇಕು. ಬಲಮೂಲೆ ಖಾಲಿಯಿದ್ದ ಕಾರ್ಡನ್ನು ಮೇಡಂ ಓದುತ್ತಲೇ ಇರಲಿಲ್ಲ, ಎರಡು ತುಂಡು ಮಾಡಿ ಬುಟ್ಟಿಗೆ ಹಾಕುತ್ತಿದ್ದರು.

"ಆಮೇಲೆ ಬರ್ಕೋತೀನಿ ಅಂತೀರಲ್ಲ, ಕಳ್ಳತನ ಶುರುವಾಗೋದೇ ಅಲ್ಲಿಂದ" ಎನ್ನುವುದು ಮೊದಲ ದಿನದ ಪಾಠ. ಎರಡನೇ ದಿನದ್ದು ಇನ್ನೂ ಚುರುಕು: "ನಾಲ್ಕು ಪದ ಆಚೀಚೆ ಮಾಡಿದ್ರೆ ಅದು ನಿಮ್ದಾಗಲ್ಲ. ಅಂಗಿ ಬದಲಾಯಿಸಿದ ಮಾತ್ರಕ್ಕೆ ಪಕ್ಕದ ಮನೆ ಮಗು ನಿಮ್ಮ ಮಗು ಆಗತ್ತಾ?"

ಇಷ್ಟು ಕಟ್ಟುನಿಟ್ಟು ಎಲ್ಲಿಂದ ಬಂತು ಎಂದು ಯಾರೂ ಕೇಳಿರಲಿಲ್ಲ. ಕೇಳಬೇಕಿತ್ತು. ಕುಂಬಳಕಾಯಿ ಕಳ್ಳ ಅಂದರೆ ತನ್ನ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇರುತ್ತಾರೆ. ಅದರ ಬದಲು ಊರವರ ಹೆಗಲನ್ನೆಲ್ಲ ತಡವಿ ನೋಡುತ್ತ ಕೂರುವವರೂ ಇರುತ್ತಾರೆ.

ಇಪ್ಪತ್ತೆರಡು ವರ್ಷದ ಹಿಂದೆ ಮೇಡಂ ಕೂಡ ವಿದ್ಯಾರ್ಥಿನಿ. ಪ್ರಬಂಧದ ವಿಷಯ, ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಹೆಂಗಸರ ಕೈ. ರಕ್ತದ ಹಾಸು, ಕೀವಿನ ಪಟ್ಟಿ, ಕುದಿನೀರು, ಬಿಳುಪಿನ ಪುಡಿ ಇವುಗಳಲ್ಲೇ ದಿನವೆಲ್ಲ ಮುಳುಗಿರುವ ಕೈ. ಆ ಒಗೆಯುವ ಮನೆಗೆ ಮೂರು ಸಲ ಹೋದರು. ಮೂರು ಸಲವೂ ಬಾಗಿಲಲ್ಲೇ ನಿಂತರು. ಒಳಗೆ ಉಗಿ, ವಾಸನೆ, ಯಂತ್ರದ ಗದ್ದಲ. ಹೊಸ್ತಿಲಿಂದಲೇ "ಸ್ವಲ್ಪ ಕೈ ತೋರಿಸ್ತೀರಾ?" ಎಂದು ಕೂಗಿದರೆ, ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರೇ ಹೊರತು ಯಾರೂ ಕೈ ತೋರಿಸಲಿಲ್ಲ. ಮೂರನೇ ಅಧ್ಯಾಯ ಖಾಲಿ, ಕೊನೆಯ ದಿನಾಂಕಕ್ಕೆ ಒಂಬತ್ತೇ ದಿನ. ಆಗ ಉಗ್ರಾಣದಲ್ಲಿ ಸಿಕ್ಕಿತು, ದಾರ ಕಟ್ಟಿದ ಬೆರಳಚ್ಚಿನ ಕಟ್ಟು. ಎಂದೋ ತೀರಿಹೋಗಿದ್ದ ಮುಖ್ಯ ದಾದಿಯೊಬ್ಬರು, ಎಲ್ಲರ ಬಾಯಲ್ಲಿ ದೊಡ್ಡ ಸಿಸ್ಟರ್, ಹನ್ನೊಂದು ವರ್ಷ ಆ ಹೆಂಗಸರ ಕೈ ನೋಡಿ ಬರೆದಿಟ್ಟದ್ದು. ಯಾರೂ ಓದಿದ ಹಾಗಿರಲಿಲ್ಲ. ಮೇಡಂ ಹನ್ನೊಂದು ಪುಟ ಇಳಿಸಿಕೊಂಡರು. ಮೂಲ ಆಮೇಲೆ ಬರೆದರಾಯಿತು ಎಂದುಕೊಂಡರು. ದೇವರಾಣೆಗೂ ಹಾಗೆಯೇ ಅಂದುಕೊಂಡಿದ್ದರು. ಆದರೆ ಅವರ ಮಾರ್ಗದರ್ಶಕರು ಓದಿ, "ಇಡೀ ಪ್ರಬಂಧದಲ್ಲಿ ಜೀವ ಇರೋದು ಇಲ್ಲೇ ಕಣಮ್ಮ" ಎಂದುಬಿಟ್ಟರು. ಆಮೇಲೆ ಬಾಯೇ ಬರಲಿಲ್ಲ. ಕಟ್ಟು ಉಗ್ರಾಣಕ್ಕೆ ವಾಪಸು ಹೋಯಿತು, ಮೇಡಂಗೆ ಕೆಲಸ ಸಿಕ್ಕಿತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದು ಮುಗಿಸಿತ್ತು.

ಇನ್ನು ಗುಬ್ಬಿಯ ವಿಷಯ. ಮೇಡಂ ಕೈಕೆಳಗೆ ಪ್ರಬಂಧ ಬರೆಯುತ್ತಿದ್ದ ಹುಡುಗಿ ಇವಳು. ಆಳು ಚಿಕ್ಕದು, ದನಿ ಚಿಕ್ಕದು, ಕೆಲಸ ಮಾತ್ರ ಗುಡ್ಡದಷ್ಟು. ಅವಳಮ್ಮ ಅದೇ ಒಗೆಯುವ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಕೆಲಸಕ್ಕಿದ್ದಾಳೆ. ಪ್ರಬಂಧ ಒಪ್ಪಿಗೆಯಾದರೆ ಮುಂದಿನ ತಿಂಗಳಿಂದ ಗುಬ್ಬಿ ಅಲ್ಲಿಯ ಆರೋಗ್ಯ ಮೇಲ್ವಿಚಾರಕಿ ಎಂದು ಆಸ್ಪತ್ರೆಯವರು ಬರೆದುಕೊಟ್ಟಿದ್ದರು. ಕೈಗವಸು ಕೊಡಿಸುವುದು, ನೀರು ಬದಲಿಸುವುದು, ಯಾರ ಕೈ ಒಡೆದಿದೆ ನೋಡುವುದು, ಎಲ್ಲ ಇವಳ ಹಕ್ಕು. ಹೋದ ವಾರ ಅವಳು ತಂದ ಕರಡಿನಲ್ಲಿ ಮೇಡಂನ ಹಳೆಯ ಪ್ರಬಂಧದ ಅರವತ್ತಮೂರನೇ ಪುಟದಿಂದ ಹದಿನಾಲ್ಕು ಸಾಲು ಇತ್ತು. ಉದ್ಧರಣ ಚಿಹ್ನೆಯೊಳಗೆ, ಹೆಸರು ಪುಟ ಸಮೇತ, ಎಳ್ಳಷ್ಟೂ ತಪ್ಪಿಲ್ಲದೆ.

'ನೀರಿನಲ್ಲಿರುವಷ್ಟು ಹೊತ್ತು ಇವರ ಕೈ ನೋಯುವುದಿಲ್ಲ. ನೋವು ಶುರುವಾಗುವುದು ಮನೆಗೆ ಹೋಗಿ ಕೈ ಒಣಗಿದ ಮೇಲೆ. ವೈದ್ಯರು ಕೇಳುವ ಹೊತ್ತಿಗೆ ಕೈ ಒದ್ದೆಯಿರುತ್ತದೆ. ಆದ್ದರಿಂದ ನೋವಿಲ್ಲ ಎಂದೇ ಹೇಳುತ್ತಾರೆ. ಸಂಜೆ ಲೋಟವನ್ನು ಬೆರಳಲ್ಲಿ ಹಿಡಿಯದೆ ಎರಡು ಅಂಗೈ ನಡುವೆ ಒತ್ತಿ ಹಿಡಿಯುತ್ತಾರೆ...' ಹೀಗೆ ಶುರುವಾಗುವ ಸಾಲುಗಳು.

"ಇದನ್ನ ಓದಿ ಅತ್ತುಬಿಟ್ಟೆ ಮೇಡಂ" ಅಂದಿದ್ದಳು ಗುಬ್ಬಿ. "ನಮ್ಮಮ್ಮ ಲೋಟ ಹಿಡಿಯೋದು ಹೀಗೇನೇ. ದಿನಾ ನೋಡಿದ್ರೂ ಯಾಕೆ ಅಂತ ನಂಗೆ ಹೊಳೆದಿರ್ಲಿಲ್ಲ. ಕೈ ಮುಟ್ಟಿ ನೋಡ್ದೇ ಇರೋರು ಹೀಗೆ ಬರೆಯೋಕೆ ಆಗಲ್ಲ, ಅಲ್ವಾ ಮೇಡಂ?"

"ಹೂಂ" ಅಂದಿದ್ದರು ಮೇಡಂ. ಅಂದು, ಪುಟ ತಿರುವಿದ್ದರು. ಆಗಿನ್ನೂ ಧೂಳಪ್ಪನ ಸುದ್ದಿ ಬಂದಿರಲಿಲ್ಲ.

ಈಗ ಬಂದಿತ್ತು. ಯಂತ್ರ ಆ ಹದಿನಾಲ್ಕು ಸಾಲಿಗೆ ದೊಡ್ಡ ಸಿಸ್ಟರ್ ವರದಿಯನ್ನು ತೋರಿಸುತ್ತದೆ, ಅಡಿಯಲ್ಲಿ ನೋಡಿದರೆ ಮೇಡಂ ಹೆಸರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ದಡ್ಡನಿಗೂ ತಿಳಿಯುತ್ತದೆ. ಮಂಗಳವಾರ ಮಧ್ಯಾಹ್ನವೇ ಗುಬ್ಬಿಗೆ ಹೇಳಿಕಳಿಸಿದರು.

"ನಿನ್ನ ಪ್ರಬಂಧದಲ್ಲಿ ನನ್ನ ಹೆಸರು ಬೇಡ. ತೆಗಿ."

"ಯಾಕೆ ಮೇಡಂ?"

"ಗುರುಗಳಿಗೆ ಬೆಣ್ಣೆ ಹಚ್ಚಿದಾಳೆ ಅಂತಾರೆ. ತೆಗಿ ಅಂದ್ರೆ ತೆಗಿ."

"ಹೆಸರು ತೆಗೆದ್ರೆ, ಆ ಸಾಲು?"

ಸಾಲನ್ನೂ ಕಿತ್ತುಹಾಕು ಎನ್ನಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಷ್ಟು ಮೆಚ್ಚಿದ ಸಾಲು ಬಿಡು ಅಂದರೆ ಇವಳು ಮತ್ತೆ ಯಾಕೆ ಎನ್ನುತ್ತಾಳೆ, ಯಾಕೆ ಎಂದವಳು ಹುಡುಕುತ್ತಾಳೆ, ಹುಡುಕುವುದನ್ನು ಕಲಿಸಿದವರು ಇವರೇ. ಹೆದರಿಕೆ ಹೊಕ್ಕ ತಲೆಯಲ್ಲಿ ಬುದ್ಧಿಗೆ ಜಾಗವೆಲ್ಲಿ. "ಸಾಲು... ನಿನ್ನ ಮಾತಲ್ಲಿ ಬರ್ಕೊ" ಅಂದುಬಿಟ್ಟರು.

ಗುಬ್ಬಿ ಕಣ್ಣರಳಿಸಿದಳು. "ಮೂಲ ಇಲ್ದೇನಾ?"

"ಹೇಳಿದಷ್ಟು ಮಾಡು!"

ಪಾಪದ ಹುಡುಗಿ, ಹೇಳಿದಷ್ಟು ಮಾಡಿತು. ಹೆಸರು ತೆಗೆಯಿತು, ಉದ್ಧರಣ ಚಿಹ್ನೆ ತೆಗೆಯಿತು. ಸಾಲುಗಳನ್ನು ತನ್ನ ಮಾತಿಗೆ ತಿರುಗಿಸಲು ನಾಲ್ಕು ಸಲ ಕೂತಿತಂತೆ. 'ವೈದ್ಯರು' ಇದ್ದ ಕಡೆ 'ಡಾಕ್ಟರು' ಆಯಿತು, 'ಸಂಜೆ' ಇದ್ದ ಕಡೆ 'ಸಾಯಂಕಾಲ' ಆಯಿತು. ಉಳಿದದ್ದು ಹಾಗೇ ಉಳಿಯಿತು. ಕಣ್ಣಾರೆ ಕಂಡು ಬರೆದ ಮಾತು ಅಷ್ಟು ಸುಲಭಕ್ಕೆ ಅಂಗಿ ಬದಲಾಯಿಸುವುದಿಲ್ಲ.

ಮುಂದಿನ ಸೋಮವಾರ ಯಂತ್ರದ ವರದಿ ಬಂತು. ಹದಿನಾಲ್ಕರಲ್ಲಿ ಹನ್ನೊಂದು ಸಾಲು ಕೆಂಪು. ಪಕ್ಕದಲ್ಲಿ ದೊಡ್ಡ ಸಿಸ್ಟರ್ ವರದಿಯ ಪುಟಸಂಖ್ಯೆ. ಗುಬ್ಬಿಯ ಕೈಗೆ ಪತ್ರ ಬಂತು: ಕೃತಿಚೌರ್ಯದ ಆರೋಪ, ವಿಚಾರಣೆ ಶುಕ್ರವಾರ ಹನ್ನೊಂದು ಗಂಟೆಗೆ, ಸಾಬೀತಾದರೆ ಒಂದು ವರ್ಷ ಹೊರಗೆ. ಆಸ್ಪತ್ರೆಯವರು ಒಂದು ವರ್ಷ ಕಾಯುವವರಲ್ಲ.

ಮೇಡಂನ ಭಯಕ್ಕೆ ಈಗ ಲೆಕ್ಕಾಚಾರದ ಬುದ್ಧಿ ಬಂತು. ಅವರ ಹಳೆಯ ಪ್ರಬಂಧ ಕಂಪ್ಯೂಟರಿನಲ್ಲಿಲ್ಲ. ಇರುವುದು ಎರಡೇ ಪ್ರತಿ, ಒಂದು ಗ್ರಂಥಾಲಯದ ಗಾಜಿನ ಬೀರುವಿನಲ್ಲಿ, ಇನ್ನೊಂದು ಮನೆಯಲ್ಲಿ. ಯಂತ್ರಕ್ಕೆ ಗೊತ್ತಿರುವುದು ದೊಡ್ಡ ಸಿಸ್ಟರ್ ಮತ್ತು ಗುಬ್ಬಿ ಮಾತ್ರ. ನಡುವೆ ನಿಂತಿರುವ ಮೇಡಂ ಯಾರಿಗೂ ಕಾಣುವುದಿಲ್ಲ, ಗುಬ್ಬಿ ಬಾಯಿ ಬಿಡದಿದ್ದರೆ, ಮತ್ತು ಅವಳ ಪೆಟ್ಟಿಗೆಯಲ್ಲಿರುವ ಆ ಒಂದು ಕಾರ್ಡು ಯಾರ ಕಣ್ಣಿಗೂ ಬೀಳದಿದ್ದರೆ. ಹೀಗೆ ಯೋಚಿಸಿದ್ದಕ್ಕೆ ಮೇಡಂಗೆ ತಮ್ಮ ಮೇಲೇ ಥೂ ಎನ್ನಿಸಿತು. ಆದರೂ ಯೋಚಿಸುತ್ತಲೇ ಇದ್ದರು.

ಗುರುವಾರ ಸಂಜೆ ಮನೆಯಲ್ಲಿ ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದಳು, "ಏನೇ, ಮುಖ ಹರಳೆಣ್ಣೆ ಕುಡಿದ ಹಾಗಿದೆ? ನಾಲ್ಕು ದಿನದಿಂದ ತಟ್ಟೆ ಮುಂದೆ ಕೂತು ಎದ್ದುಹೋಗ್ತೀಯ."

"ತಲೆನೋವು."

"ತಲೆ ಇದ್ದೋರಿಗೆ ಅದು ಬರತ್ತೆ. ನಂಗೆ ನೋಡು, ಬರೋದೇ ಇಲ್ಲ." ಅಕ್ಕ ತನ್ನ ಮಾತಿಗೆ ತಾನೇ ನಕ್ಕಳು.

ಅಪ್ಪ ಅಮ್ಮ ಹೋದ ಮೇಲೆ ತಂಗಿಯನ್ನು ಓದಿಸಿದವಳು ಅವಳು. ಗೋಡೆಯ ಕಪಾಟಿನಲ್ಲಿ ತಂಗಿಯ ಪ್ರಬಂಧಕ್ಕೆ ತಾನೇ ಹೊಲಿದ ಬಟ್ಟೆಯ ಹೊದಿಕೆ ಹಾಕಿಟ್ಟಿದ್ದಳು, ವಾರಕ್ಕೊಮ್ಮೆ ಒರೆಸುತ್ತಿದ್ದಳು. ಒಳಗಿನದು ಒಂದಕ್ಷರವೂ ಅವಳಿಗೆ ತಿಳಿಯದು. ಬಂದವರಿಗೆಲ್ಲ "ನಮ್ಮ ಹುಡುಗಿ ಸ್ವಂತ ತಲೆಯಿಂದ ಬರೆದಿದ್ದು" ಎಂದು ತೋರಿಸುವಳು. ಮೇಡಂ ಆ ಹೊದಿಕೆಯನ್ನು ನೋಡಲಾರದೆ ಬೆನ್ನು ತಿರುಗಿಸಿ ಕೂತರು. ಕೆಲಸ ಹೋದರೆ ಹೋಗಲಿ, ಇವಳಿಗೆ ಏನಂತ ಹೇಳುವುದು?

ಶುಕ್ರವಾರ ಹತ್ತೂಮುಕ್ಕಾಲಿಗೆ ವಿಚಾರಣೆಯ ಕೋಣೆಯ ಮುಂದಿನ ವರಾಂಡದಲ್ಲಿ ಗುಬ್ಬಿ ನಿಂತಿದ್ದಳು, ಎದೆಗವಚಿ ಹಿಡಿದ ಕಾರ್ಡಿನ ಪೆಟ್ಟಿಗೆ. ಪಕ್ಕದ ಬೆಂಚಿನಲ್ಲಿ ಅವಳಮ್ಮ, ಒಗೆಯುವ ಮನೆಯ ನೀಲಿ ಅಂಗಿಯಲ್ಲೇ ಬಂದಿದ್ದಳು, ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು. ಗುಬ್ಬಿ ಮೇಡಂ ಅವರನ್ನು ಕಿಟಕಿಯ ಹತ್ತಿರ ಕರೆದಳು. ಸುತ್ತ ನೋಡಿ, ಮಡಿಸಿದ ಕಾಗದದೊಳಗಿನಿಂದ ಒಂದು ಕಾರ್ಡು ತೆಗೆದು ಅವರ ಕೈಗಿಟ್ಟಳು.

ಸಂಖ್ಯೆ ನಲವತ್ತೊಂದು. ಬಲಮೂಲೆಯಲ್ಲಿ ದುಂಡು ಅಕ್ಷರದಲ್ಲಿ ಮೇಡಂನ ಹೆಸರು, ಪ್ರಬಂಧದ ಹೆಸರು, ಪುಟ ಅರವತ್ತಮೂರು.

"ಕಂಪ್ಯೂಟರಲ್ಲಿ ಹೊಸದಾಗಿ ಬಂದಿದ್ಯಲ್ಲ, ಆ ಸಿಸ್ಟರ್ ವರದಿ, ಪೂರ್ತಿ ಓದ್ದೆ ಮೇಡಂ" ಅಂದಳು ಗುಬ್ಬಿ. ದನಿ ಇನ್ನೂ ಚಿಕ್ಕದಾಗಿತ್ತು. "ನಿಮ್ಮ ಮೂರನೇ ಅಧ್ಯಾಯಾನೂ ಇನ್ನೊಂದ್ಸಲ ಓದ್ದೆ."

ಮೇಡಂ ಕಿಟಕಿಯ ಕಟ್ಟೆಗೆ ಒರಗಿದರು.

"ಇದು ನಿಮ್ಮ ಹತ್ರಾನೇ ಇರ್ಲಿ. ನಾನು ಮರ್ತೆ ಅಂತ ಹೇಳ್ತೀನಿ. ಒಂದು ವರ್ಷ ತಾನೇ. ಅಮ್ಮನ ಜೊತೆ ಒಗೆಯೋ ಕೆಲಸಕ್ಕೆ ಹೋಗ್ತೀನಿ, ಅಷ್ಟರಲ್ಲಿ..." ಮುಂದಿನ ಮಾತು ಅವಳಿಗೂ ಸಿಗಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು. ಹಾಗಿದ್ದೂ ಆ ಹುಡುಗಿ ಅಂದಳು, "ನೀವು ಹೆದರ್ಬೇಡಿ ಮೇಡಂ."

ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು. ಅಷ್ಟರಲ್ಲಿ ಜವಾನ ಬಾಗಿಲು ತೆರೆದು ಕರೆದ. ಮೇಡಂ ಕಾರ್ಡನ್ನು ಕೈಚೀಲಕ್ಕೆ ತುರುಕಿ ಒಳಗೆ ನಡೆದರು.

ಉದ್ದನೆಯ ಮೇಜು, ಆಚೆ ಮೂವರು, ಈಚೆ ಗುಬ್ಬಿ, ಅವಳ ಮಾರ್ಗದರ್ಶಕಿಯಾಗಿ ಪಕ್ಕದಲ್ಲಿ ಮೇಡಂ. ಮೂವರ ನಡುವೆ ಅಧ್ಯಕ್ಷರು, ನಿವೃತ್ತಿಗೆ ಎರಡು ವರ್ಷವಿದ್ದ ಹಿರಿಯ ಪ್ರಾಧ್ಯಾಪಕರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಅವರ ಮೇಲೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು. ಕೆಂಪು ಸಾಲಿನ ಹಾಳೆಯನ್ನು ಗುಬ್ಬಿಯ ಮುಂದೆ ಸರಿಸಿ ಕೇಳಿದರು, "ಇದು ಎಲ್ಲಿಂದ ಬಂತಮ್ಮ?"

"ಆ ವರದಿಯಿಂದ ಸರ್. ಮೂಲ ಹಾಕೋದು ಮರ್ತೆ."

"ಮರ್ತೆ ಅಂದ್ರೆ? ಮರೆತೋರು ಪದ ಬದಲಾಯಿಸ್ತಾರಾ? ವೈದ್ಯರನ್ನ ಡಾಕ್ಟರ್ ಮಾಡಿದೀಯಲ್ಲ!"

ಪೆಟ್ಟಿಗೆ ತರಿಸಿ ಅಧ್ಯಕ್ಷರು ಕಾರ್ಡುಗಳನ್ನು ಒಂದೊಂದಾಗಿ ಮಗುಚಿದರು. ಪ್ರತಿ ಕಾರ್ಡಿನ ಬಲಮೂಲೆಯೂ ತುಂಬಿತ್ತು. ಮೂವತ್ತೊಂಬತ್ತು, ನಲವತ್ತು, ನಲವತ್ತೆರಡು. ಬೆರಳು ನಿಂತಿತು. "ನಲವತ್ತೊಂದು ಎಲ್ಲಿ?"

"ಕಳೆದೋಯ್ತು ಸರ್."

ಮೇಡಂನ ತೊಡೆಯ ಮೇಲೆ ಕೈಚೀಲ. ಅದರೊಳಗೆ ನಲವತ್ತೊಂದು. ಚೀಲದ ಹಿಡಿ ಬೆವರಿಗೆ ಜಾರುತ್ತಿತ್ತು.

ಅಧ್ಯಕ್ಷರು ಕನ್ನಡಕ ತೆಗೆದರು. "ಪಾಪ ಅನ್ಸತ್ತೆ. ಆದ್ರೆ ಬೇಕಂತಲೇ ಪದ ಬದಲಾಯಿಸಿದಾಳೆ, ಕಾರ್ಡನ್ನೂ ಕಳೆದಿದಾಳೆ. ಇದು ಮರೆವಲ್ಲ." ಆಮೇಲೆ ಮೇಡಂ ಕಡೆ ತಿರುಗಿದರು. "ಈ ವಿಷ್ಯದಲ್ಲಿ ನಿಮಗಿಂತ ಬಲ್ಲೋರು ಯಾರಿದಾರೆ? ನಡಾವಳಿಯಲ್ಲಿ ತೀರ್ಮಾನದ ಸಾಲು ನೀವೇ ಬರೆದುಬಿಡಿ. ನಾವು ರುಜು ಹಾಕ್ತೀವಿ."

ದಪ್ಪ ಪುಸ್ತಕ ಮೇಡಂ ಮುಂದೆ ಬಂತು. ತೆರೆದ ಪುಟ, ಖಾಲಿ ಸಾಲು. ಒಂದು ವಾಕ್ಯ ಬರೆದರೆ ಮುಗಿಯಿತು. ಇನ್ನು ಹತ್ತು ವರ್ಷ ಇದೇ ಕುರ್ಚಿ, ಅದೇ ಮರ್ಯಾದೆ, ಕಪಾಟಿನಲ್ಲಿ ಅದೇ ಹೊದಿಕೆ. ಬರೆಯಲು ಪೆನ್ನು ಬೇಕಲ್ಲ, ಚೀಲಕ್ಕೆ ಕೈ ಹಾಕಿದರು. ಪೆನ್ನಿನ ಮೊದಲು ರಟ್ಟಿನ ಅಂಚು ಬೆರಳಿಗೆ ತಾಗಿತು. ಓರೆಗಣ್ಣಿಂದ ನೋಡಿದರು. ಗುಬ್ಬಿ ಇವರನ್ನು ನೋಡುತ್ತಿರಲಿಲ್ಲ. ಎಲ್ಲಿ ಕಣ್ಣಿನಿಂದಲೇ ಅವರನ್ನು ಸಿಕ್ಕಿಸಿಬಿಡುತ್ತೇನೋ ಎಂದು ಬೇಕಂತಲೇ ಗೋಡೆ ನೋಡುತ್ತಿದ್ದಳು.

ಮೇಡಂಗೆ ಧೈರ್ಯ ಬಂತು ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಭಯ ಒಂದು ಗುಲಗಂಜಿಯಷ್ಟೂ ಕಮ್ಮಿಯಾಗಲಿಲ್ಲ. ಆದರೂ ಕೈ ಕಾರ್ಡನ್ನು ತೆಗೆದು ಪುಸ್ತಕದ ಖಾಲಿ ಸಾಲಿನ ಮೇಲಿಟ್ಟಿತು.

"ಕಳೆದಿಲ್ಲ. ನನ್ನ ಹತ್ರ ಇತ್ತು" ಅಂದರು. "ಬಲಮೂಲೆ ಓದಿ ಸರ್. ಅವಳು ಮೂಲ ಹಾಕಿದ್ಳು, ನನ್ನ ಹೆಸರು, ನನ್ನ ಪುಟ. ತೆಗಿ ಅಂದೋಳು ನಾನು. ಪದ ಬದಲಾಯ್ಸು ಅಂದೋಳೂ ನಾನೇ."

"ನಿಮ್ಮ ಪ್ರಬಂಧದಿಂದ ತಗೊಂಡಿದ್ರೆ, ಯಂತ್ರ ಯಾಕೆ ಆ ಸಿಸ್ಟರ್ ವರದೀನ..." ಎಂದು ಶುರುಮಾಡಿದ ಅಧ್ಯಕ್ಷರು ನಡುವೆ ನಿಂತರು.

"ಹೂಂ ಸರ್" ಅಂದರು ಮೇಡಂ. "ಇಪ್ಪತ್ತೆರಡು ವರ್ಷದ ಹಿಂದೆ. ಒಂದು ಪುಟ ಅಲ್ಲ, ಹನ್ನೊಂದು. ಗ್ರಂಥಾಲಯದ ಗಾಜಿನ ಬೀರುವಲ್ಲಿದೆ, ತರಿಸಿ ನೋಡಿ. ಕದ್ದಿದ್ದು ನಾನು. ಈ ಹುಡುಗಿ ನನ್ನನ್ನ ನಂಬಿದ್ಳು, ಅಷ್ಟೇ ಅವಳ ತಪ್ಪು."

ಗುಬ್ಬಿ ಬಿಕ್ಕಿದ್ದು ಕೇಳಿಸಿತು. ಅಧ್ಯಕ್ಷರು ಕಾರ್ಡಿನ ಬಲಮೂಲೆಯನ್ನು ಓದಿದರು. ಆಮೇಲೆ ಮೇಡಂ ಮುಂದಿನಿಂದ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡು ತಾವೇ ಬರೆದರು. ಹುಡುಗಿಯ ಮೇಲಿನ ಆರೋಪ ಬಿಟ್ಟಿದೆ. ನಿಜವಾದ ಮೂಲ ಹಾಕಿ ಸೋಮವಾರ ಪ್ರಬಂಧ ಮತ್ತೆ ಒಪ್ಪಿಸತಕ್ಕದ್ದು. ಮಾರ್ಗದರ್ಶಕರ ವಿಷಯ ಮೇಲಿನವರಿಗೆ. ಮೇಡಂ ಇವತ್ತಿನಿಂದ ತರಗತಿಗೆ ಹೋಗುವ ಹಾಗಿಲ್ಲ. ಓದಿ ಹೇಳುವಾಗ ಅವರು ಮೇಡಂನ ಮುಖ ನೋಡಲಿಲ್ಲ. ಇಪ್ಪತ್ತೆರಡು ವರ್ಷ ಹೆದರಿದ್ದು ಇದಕ್ಕೇ. ಕೊನೆಗೆ ಬಂದೇ ಬಂತು, ನಾಲ್ಕು ಸಾಲಿನಲ್ಲಿ ಮುಗಿಯಿತು.

ಮೇಡಂ ಹೊರಗೆ ಬಂದು, ಗುಬ್ಬಿಯ ಅಮ್ಮ ಕೂತಿದ್ದ ಬೆಂಚಿನ ಇನ್ನೊಂದು ತುದಿಯಲ್ಲಿ ಕುಸಿದು ಕೂತರು. ಸಂಜೆ ಮನೆಗೆ ಹೋಗಬೇಕು, ಅಕ್ಕನಿಗೆ ಹೇಳಬೇಕು.

ಗುಬ್ಬಿ ಬಂದು ಎದುರು ನಿಂತಳು. ಕಣ್ಣೊರೆಸಿಕೊಂಡು, ನಲವತ್ತೊಂದನೇ ಕಾರ್ಡನ್ನೂ ಪೆನ್ನನ್ನೂ ಮುಂದೆ ಹಿಡಿದಳು. "ಇದನ್ನ ತಿದ್ದಬೇಕಲ್ಲ ಮೇಡಂ. ನೀವೇ ಬರೀರಿ."

ಮೇಡಂ ಬಲಮೂಲೆಯಲ್ಲಿದ್ದ ತಮ್ಮ ಹೆಸರನ್ನು ಹೊಡೆದುಹಾಕಿದರು. ಅದರ ಮೇಲೆ, ದಾರ ಬಿಚ್ಚಿದ ದಿನ ಒಂದೇ ಒಂದು ಸಲ ಓದಿದ್ದ ದೊಡ್ಡ ಸಿಸ್ಟರ್‌ರ ಪೂರ್ತಿ ಹೆಸರನ್ನು ಬರೆದರು. ಒಂದಕ್ಷರವೂ ಮರೆತಿರಲಿಲ್ಲ. ಬರೆದು ಕೊಟ್ಟು, ಪಕ್ಕಕ್ಕೆ ತಿರುಗಿದರು. ಹೆಂಗಸು ಇನ್ನೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡೇ ಕೂತಿದ್ದಳು.

"ಅಮ್ಮಾ" ಅಂದರು ಮೇಡಂ. "ಅಮ್ಮಾ, ಸ್ವಲ್ಪ ಕೈ ತೋರಿಸ್ತೀರಾ?"

ಹೆಂಗಸು ಮಗಳ ಮುಖ ನೋಡಿದಳು. ಮಗಳು ಹೂಂ ಎನ್ನುವಂತೆ ತಲೆಯಾಡಿಸಿದಳು. ಅವಳು ಎರಡೂ ಕೈಯನ್ನು ಹೊರಗೆ ತೆಗೆದು, ಮೊದಲು ಅಂಗಿಗೆ ಒರೆಸಿಕೊಂಡು, ಆಮೇಲೆ ಮೇಡಂನ ಮುಂದೆ ಚಾಚಿದಳು.